ಒಲೆಯ ಹಿಂಗೋಡೆ

ನಸುಕಿನ ನಾಲ್ಕಕ್ಕೆ ಹಿತ್ತಿಲ ಬಾಗಿಲು ತಟ್ಟಿದಾಗ
ಹೊಗೆಯ ತಕರಾರು ಅಂದುಕೊಂಡೆ.
ಲಷ್ಕರ್ ಮೊಹಲ್ಲಾದಲ್ಲಿ ಬೇಕರಿ ಇಟ್ಟವನ ಹತ್ತಿರ
ನೆರೆಯವರು ಇನ್ಯಾಕೆ ಬಂದಾರು?
ಸೆರಫಿನಾ ಬಾಯಿ, ತಲೆಗೆ ಟವೆಲು ಸುತ್ತಿ, ಕೇಳಿದ್ದು ಇಷ್ಟೆ:
‘ಒಲೆ ರಾತ್ರಿ ಪೂರ್ತಿ ಉರಿಯುತ್ತಾ, ಷಫಿ?
ನಡುವೆ ಆರುವುದಿಲ್ಲ ತಾನೆ?’

ಆಮೇಲೆ ಕಂಡೆ, ತಮ್ಮ ಅಂಗಳದ ಕಡೆಯಿಂದ
ನನ್ನ ಗೋಡೆಯನ್ನು ಅಂಗೈಯಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದರು,
ಮಗುವಿನ ಜ್ವರ ನೋಡುವ ಹಾಗೆ.
ಎಲ್ಲಿ ಹೆಚ್ಚು ಬಿಸಿಯೋ ಅಲ್ಲೊಂದು ಸುಣ್ಣದ ಗೀಟು.

ಗೀಟಿನ ಕೆಳಗೆ ಗುಂಡಿ. ಗುಂಡಿಗೆ,
ಶಿರ್ವದಿಂದ ರಾತ್ರಿ ಬಸ್ಸಿನಲ್ಲಿ, ಮಡಿಲಲ್ಲಿ,
ಹಾರ್ಲಿಕ್ಸ್ ಡಬ್ಬಿಯಲ್ಲಿ ಕೂತು ಬಂದ ಬೇರಿನ ಸಸಿ.
ಪೆನ್ಸಿಲಿನಷ್ಟು ದಪ್ಪ. ಬೀಜವಿಲ್ಲದ ಮರವಂತೆ,
ಬೇರಿನಿಂದಲೇ ಹುಟ್ಟಬೇಕಂತೆ.
‘ಹಲಸಾ?’ ಅಂದೆ.
‘ಹಲಸಲ್ಲ. ಜೀಗುಜ್ಜೆ’ ಎಂದು ನನ್ನನ್ನೇ ನೋಡಿದರು,
ಹೆಸರು ಕೇಳಿ ನಾನು ಎದ್ದು ನಿಲ್ಲಬೇಕಿತ್ತೇನೋ.

ಇದಕ್ಕೂ ಮೊದಲು ಎರಡು ಸತ್ತಿದ್ದವು.
ಅವರೆಗೆ ಸೊಗಡು ಕಟ್ಟುವ ನಮ್ಮ ಮಾಗಿಯ ಮಂಜು
ಇದಕ್ಕೆ ನಂಜು.
ಬೆಟ್ಟದ ಕಡೆಯ ಗಾಳಿ ಒಂದು ರಾತ್ರಿ ಬೀಸಿದರೆ
ಎಲೆ ಹಪ್ಪಳ.
ಅದಕ್ಕೇ ಗೋಣಿಚೀಲ, ಅದಕ್ಕೇ ಬುಡಕ್ಕೆ ತರಗು,
ಹಗಲಿಡೀ ಬಿಸಿಲು ಕುಡಿದು ಇರುಳೆಲ್ಲ ಬಿಡುವ
ನೀರು ತುಂಬಿದ ಎರಡು ಕರಿ ಡ್ರಮ್ಮು.
ಪುಟ್ಟಮಾದಯ್ಯ ಟೀಗೆ ಬನ್ನು ಅದ್ದುತ್ತಾ ಅಂದ:
‘ಮೈಸೂರಲ್ಲಿ ಬಾಳೆ ಬೆಳೀತದೆ, ತೆಂಗು ಬೆಳೀತದೆ,
ಇದೇನವ್ವ ಇದು, ಮನೆ ಅಳಿಯ ಇದ್ದಂಗೆ!’

ಆ ವರ್ಷ ಈದ್ ಚಳಿಯಲ್ಲೇ ಬಿತ್ತು.
‘ನಾಳೆ ರಜವಾ?’ ಅಂದರು. ಹೌದು ಅಂದೆ.
ಮತ್ತೇನೂ ಅನ್ನಲಿಲ್ಲ. ಬನ್ನಿನ ಚಿಲ್ಲರೆ ಎಣಿಸಿಕೊಂಡು ಹೋದರು.
ಹಬ್ಬದ ರಾತ್ರಿ, ಹೊಸ ಅಂಗಿಯಲ್ಲೇ ಬಂದು,
ಆರು ಸೀಳು ನೀಲಗಿರಿ ಕಟ್ಟಿಗೆ ಹಾಕಿ ಹಚ್ಚಿದೆ.
ಹುಡುಗ ಕೇಳಿದ್ದಕ್ಕೆ,
ಒಲೆಗೆ ತೇವ ಹಿಡಿಯಬಾರದು ಕಣೋ, ಅಂದೆ.

ನಾಲ್ಕನೇ ವರ್ಷ ಎಲೆ ಗೋಡೆ ದಾಟಿತು.
ಒಂದೊಂದೂ ಬೆರಳು ಬಿಡಿಸಿದ ಕೈ,
ನನ್ನ ಬಿಸ್ಕತ್ತಿನ ಟ್ರೇಗಿಂತ ಉದ್ದ.
ಗೋಡೆಯಿಂದಾಚೆ ಮೇಲೆ ನನ್ನ ಬಿಸಿ ಇಲ್ಲ.
‘ಇನ್ನು ಅದರ ಪಾಡು ಅದಕ್ಕೆ’ ಅಂದರು, ಗೋಣಿ ಮಡಚುತ್ತಾ.
ಜನವರಿಯಲ್ಲಿ ತುದಿ ಕಪ್ಪಾಯಿತು.
ಯುಗಾದಿಗೆ ಕೆಳಗೊಂದು ಕಣ್ಣೊಡೆಯಿತು.
ಅಷ್ಟೆ. ನಾವು ಯಾರೂ ಏನೂ ಮಾಡಿರಲಿಲ್ಲ.

ಏಳನೇ ವರ್ಷ ಕಾಯಿ. ಒಂದೇ.
ಊರಲ್ಲಾಗಿದ್ದರೆ ಇಷ್ಟು ಚಿಕ್ಕದನ್ನು
ಹಸುವಿಗೂ ಹಾಕುತ್ತಿರಲಿಲ್ಲ ಎಂದು ನಗುತ್ತಾ
ಸೆರಗಲ್ಲಿ ಕಟ್ಟಿ ತಂದರು. ಪೋಡಿ ಕರಿಯಲಿಲ್ಲ.
‘ನಿನ್ನ ಕೆಂಡದಲ್ಲೇ ಹಾಕು.’
ಸಿಪ್ಪೆ ಕರಿಕಾಗಿ ಬಿರಿದಾಗ ಬಂದ ವಾಸನೆಗೆ
ಹುಡುಗ ಓಡಿ ಬಂದ: ‘ಯಾವ ಟ್ರೇ ಸೀಯ್ತು ಭಾಯ್?’
ಮೂವತ್ತು ವರ್ಷ ಹಿಟ್ಟಿನ ಮುಂದೆ ನಿಂತ ಮೂಗು ನನ್ನದು.
ಬಿಸಿ ಬ್ರೆಡ್ಡೇ ಅದು.
ಇದರ ಜಾತಿಯೇ ಹೀಗೆ, ಅಂದರು ಬಾಯಿ.
ನಾನು ಒಪ್ಪಲಿಲ್ಲ.
ನನ್ನ ಗೋಡೆಗೆ ಬೆನ್ನು ಕೊಟ್ಟು ಏಳು ವರ್ಷ ನಿಂತದ್ದು ಯಾರು ಹಾಗಾದರೆ?

ಈಗ ಗೋಡೆ ಸೀಳಿದೆ, ಕಿರುಬೆರಳು ಹೋಗುವಷ್ಟು.
ಮರ ಕಡಿಸಿ, ಎನ್ನುತ್ತಾನೆ ಮೇಸ್ತ್ರಿ.
ನಿನ್ನೆ ಕಟ್ಟಿಗೆ ಸರಿಸಿದರೆ, ಒಲೆಯ ಪಕ್ಕ, ಬೂದಿಯಲ್ಲಿ,
ಬೆಳಕೇ ಕಾಣದ ಬಿಳಿಚಿದ ಚಿಗುರು.
ಪೆನ್ಸಿಲಿನಷ್ಟು ದಪ್ಪ.

ಮೇಸ್ತ್ರಿಗೆ ನಾಳೆ ಬಾ ಅಂದಿದ್ದೇನೆ.
ಹುಡುಗನನ್ನು ಕಳಿಸಿದ್ದೇನೆ,
ಖಾಲಿ ಡಬ್ಬಿ ಯಾರ ಮನೆಯಲ್ಲಿದೆ ನೋಡು ಅಂತ.